ಕೋರ್ದೊಬಾದಿಂದ ರೋಮನೆಸ್ಕ್ ಚರ್ಚುಗಳಿಗೆ ನಿಜವಾಗಿ ದಾಟಿದ್ದು ಏನೇನು?

ಅಂಕಣ:
ಯುರೋಪಿನ ರೋಮನೆಸ್ಕ್ (11-12ನೇ ಶತಮಾನದ, ದಪ್ಪ ಗೋಡೆ, ದುಂಡು ಕಮಾನಿನ ಶೈಲಿ) ಕಟ್ಟಡಗಳ ಬಗ್ಗೆ ಏನೇ ಓದಿದರೂ ‘ಇಲ್ಲಿ ಇಸ್ಲಾಮಿಕ್ ಪ್ರಭಾವ ಕಾಣುತ್ತದೆ’ ಅನ್ನೋ ಸಾಲು ಬಂದೇ ಬರುತ್ತದೆ. ಫ್ರಾನ್ಸಿನ ವೆಜಲೇ ಚರ್ಚಿನ ಪಟ್ಟೆ ಕಮಾನು ತೋರಿಸಿ ಕೋರ್ದೊಬಾ, ಅಂದರೆ ಸ್ಪೇನಿನ ಆ ಊರಿನ ದೊಡ್ಡ ಮಸೀದಿ, ಅಂತಾರೆ. ಇಂಗ್ಲೆಂಡಿನ ಡರಮ್ ಕ್ಯಾಥೆಡ್ರಲ್‌ನ ರಿಬ್ (ಪಕ್ಕೆಲುಬಿನಂಥ ಕಮಾನುಪಟ್ಟಿ) ಚಾವಣಿ ತೋರಿಸಿ ಮತ್ತೆ ಕೋರ್ದೊಬಾ ಅಂತಾರೆ. ಪ್ರಭಾವ ಅಂದರೆ ಅಳತೆಯಾ, ಕಟ್ಟುವ ಕ್ರಮವಾ, ಬಣ್ಣವಾ, ಕೆಲಸಗಾರರಾ? ಕಲ್ಲು-ಗಾರೆಯ ಮಟ್ಟದಲ್ಲಿ ಬಲ್ಲವರು ಬಿಡಿಸಿ ಹೇಳಿ. ‘ಸಂಸ್ಕೃತಿಗಳ ಸಂಗಮ’ ಥರದ ಉತ್ತರ ಬೇಡ, ಅದು ಪ್ರವಾಸಿ ಕೈಪಿಡಿಯಲ್ಲೇ ಸಿಗುತ್ತದೆ.

ಬೋದಿಗೆ:
ಹಾಗಾದರೆ ಕೋರ್ದೊಬಾದಲ್ಲಿ ಇರೋದೇನು ಅನ್ನೋದರಿಂದ ಶುರು ಮಾಡೋಣ. 1ನೇ ಅಬ್ದ್ ಅಲ್-ರಹಮಾನ್ ಮಸೀದಿ ಕಟ್ಟಿಸಲು ಹೊರಟದ್ದು 785-86ರಲ್ಲಿ. ಕಂಬಗಳನ್ನು ಹೊಸದಾಗಿ ಕಡೆಸಲಿಲ್ಲ, ಹಳೆಯ ರೋಮನ್ ಮತ್ತು ವಿಸಿಗಾಥ್ (ಅರಬರಿಗೆ ಮುಂಚೆ ಸ್ಪೇನ್ ಆಳಿದವರು) ಕಟ್ಟಡಗಳಿಂದ ಕಿತ್ತು ತಂದರು. ಹಾಗಾಗಿ ಒಂದರ ಎತ್ತರ ಇನ್ನೊಂದಕ್ಕಿಲ್ಲ, ಬೋದಿಗೆಗಳೂ ತರಾವರಿ. ಎತ್ತರವೂ ಸುಮಾರು 3 ಮೀಟರ್ ಅಷ್ಟೇ. ಅದರ ಮೇಲೆ ನೇರ ಚಾವಣಿ ಹೊದಿಸಿದರೆ 11 ಸಾಲು ಪಡಸಾಲೆಗಳ ಹಾಲು ಕತ್ತಲೆಯ, ತಗ್ಗಾದ ಜಾಗವಾಗುತ್ತಿತ್ತು.

ಅವರು ಮಾಡಿದ್ದು ಹೀಗೆ. ಕಂಬದ ಬೋದಿಗೆಯ ಮೇಲೆ ಒಂದು ದಪ್ಪ ದಿಮ್ಮಿಗಲ್ಲು, ಅದರ ಮೇಲೆ ಕಲ್ಲಿನ ಚೌಕಗಂಬ. ಚೌಕಗಂಬದ ಬುಡದಿಂದ ಕೆಳಗಿನ ಕಮಾನು ಹೊರಡುತ್ತದೆ, ಅದು ಕುದುರೆ ಲಾಳದ ಆಕಾರದ್ದು. ಚೌಕಗಂಬದ ತಲೆಯಿಂದ ಮೇಲಿನ ಕಮಾನು, ಅದು ಅರ್ಧವೃತ್ತ. ಗಮನಿಸಬೇಕಾದ್ದು ಏನೆಂದರೆ, ಕೆಳಗಿನ ಕಮಾನಿನ ಮೇಲೆ ಯಾವ ಭಾರವೂ ಇಲ್ಲ, ಅದರ ಮೇಲೆ ಗಾಳಿ ಆಡುತ್ತದೆ. ಚೌಕಗಂಬಗಳು ಆ ಕಡೆ ಈ ಕಡೆ ವಾಲದಂತೆ ಹಿಡಿಯೋದು ಮಾತ್ರ ಅದರ ಕೆಲಸ. ಗೋಡೆಯನ್ನೂ ಮಾಡನ್ನೂ ಹೊರೋದು ಮೇಲಿನ ಕಮಾನು.

ಇನ್ನೊಂದು ವಿಚಿತ್ರ: ಕಟ್ಟಡ ಮೇಲೆ ಹೋದಂತೆ ದಪ್ಪವಾಗುತ್ತದೆ. ಸುರುಳಿ ಕೆತ್ತನೆಯ ಚಾಚುಗಲ್ಲುಗಳನ್ನು ಹೊರಗೆ ನೀಡಿ, ಅವುಗಳ ಮೇಲೆ ಅಗಲದ ಗೋಡೆ ಕೂರಿಸಿದ್ದಾರೆ. ಆ ಅಗಲ ಯಾಕೆ ಬೇಕಾಯಿತೆಂದರೆ, ಒಂದೊಂದು ಪಡಸಾಲೆಗೂ ಬೇರೆ ಬೇರೆ ಇಳಿಜಾರು ಮಾಡು, ಎರಡು ಮಾಡುಗಳ ನಡುವಿನ ಮಳೆನೀರು ಗೋಡೆಯ ನೆತ್ತಿಯ ಮೇಲಿನ ಕಾಲುವೆಯಲ್ಲೇ ಹರಿಯಬೇಕು. ಈ ವಿನ್ಯಾಸದ ದುರ್ಬಲ ಜಾಗವೂ ಅದೇ. ಕಾಲುವೆ ಬಿರುಕು ಬಿಟ್ಟರೆ ನೀರು ನೇರ ಗೋಡೆಯ ಹೊಟ್ಟೆಗೆ ಇಳಿಯುತ್ತದೆ, ಅಲ್ಲಿಂದ ಕಮಾನಿನ ಸಂದುಗಳಿಗೆ.

ನಿಮ್ಮ ಪ್ರಶ್ನೆಗೆ ಬಂದರೆ, ಕೋರ್ದೊಬಾ ಅಂದ ತಕ್ಷಣ ಎಲ್ಲರಿಗೂ ಕಣ್ಣಿಗೆ ಬರುವ ಈ ಎರಡಂತಸ್ತಿನ ಕಮಾನನ್ನು ರೋಮನೆಸ್ಕ್ ಮೇಸ್ತ್ರಿಗಳು ಎತ್ತಿಕೊಳ್ಳಲೇ ಇಲ್ಲ. ಗಿಡ್ಡ ಕಂಬದ ಸಮಸ್ಯೆಗೆ ಹುಡುಕಿದ ಉಪಾಯ ಇದು. ಗಣಿಯಿಂದ ಕಲ್ಲು ತಂದು ಬೇಕಾದ ಎತ್ತರಕ್ಕೆ ಗೋಡೆಗಂಬ ಕಟ್ಟುವವರಿಗೆ ಆ ಸಮಸ್ಯೆಯೇ ಇರಲಿಲ್ಲ.

ಸುಣ್ಣಗಾರೆ:
ಲಾಳದ ಕಮಾನಿನ ಲೆಕ್ಕ ನಾನು ಹೇಳುತ್ತೇನೆ, ಯಾಕೆಂದರೆ ಗೊಂದಲ ಶುರುವಾಗೋದೇ ಅಲ್ಲಿಂದ. ಚರ್ಚಿನಲ್ಲಿ ಲಾಳದ ಕಮಾನು ಕಂಡರೆ ‘ಮುಸ್ಲಿಂ ಮೇಸ್ತ್ರಿ ಕಟ್ಟಿದ್ದು’ ಅಂತ ಬರೆದುಬಿಡುತ್ತಾರೆ. ಪಲೆನ್ಸಿಯಾ ಪ್ರಾಂತ್ಯದ ಸಾನ್ ಹ್ವಾನ್ ದೆ ಬಾನ್ಯೋಸ್ ಚರ್ಚು 661ರದ್ದು, ವಿಸಿಗಾಥ್ ದೊರೆ ರೆಸೆಸ್ವಿಂತ್ ಕಟ್ಟಿಸಿದ್ದು. ಅರಬರು ಸ್ಪೇನಿಗೆ ಕಾಲಿಟ್ಟದ್ದು 711ರಲ್ಲಿ. ಆ ಚರ್ಚಿನಲ್ಲಿ ಲಾಳದ ಕಮಾನು ಅಷ್ಟರೊಳಗೇ ಇದೆ.

ವ್ಯತ್ಯಾಸ ಹಿಡಿಯಬೇಕಾದ್ದು ಅಳತೆಯಲ್ಲಿ. ವೃತ್ತದ ಕೇಂದ್ರದಿಂದ ಕೆಳಕ್ಕೆ ಕಮಾನು ಎಷ್ಟು ಇಳಿಯುತ್ತದೆ ನೋಡಿ. ವಿಸಿಗಾಥ್ ಕಮಾನಿನಲ್ಲಿ ಸಾಮಾನ್ಯವಾಗಿ ತ್ರಿಜ್ಯದ ಮೂರನೇ ಒಂದು ಭಾಗ, ಕೋರ್ದೊಬಾದಲ್ಲಿ ಅರ್ಧ ಭಾಗ. ಬುಡದಲ್ಲಿ ತೆರಪು 2 ಮೀಟರ್ ಇದೆ ಅಂದುಕೊಳ್ಳಿ. ವಿಸಿಗಾಥ್ ಲೆಕ್ಕದಲ್ಲಿ ತ್ರಿಜ್ಯ 1.06 ಮೀಟರ್, ಬುಡದಿಂದ ನೆತ್ತಿಗೆ 1.41 ಮೀಟರ್. ಕೋರ್ದೊಬಾ ಲೆಕ್ಕದಲ್ಲಿ ತ್ರಿಜ್ಯ 1.155, ಎತ್ತರ 1.73. ಅದೇ ತೆರಪಿಗೆ 32 ಸೆಂಟಿಮೀಟರ್ ಹೆಚ್ಚು ಎತ್ತರ, ಹೊಟ್ಟೆಯೂ ಹೆಚ್ಚು ಉಬ್ಬು.

ಕೋರ್ದೊಬಾ ಮಾದರಿಯನ್ನು ಹಲಗೆಯ ಮೇಲೆ ಬರೆಯಬೇಕಾದರೆ ಮೂರು ಮೊಳೆ ಬೇಕು, ಒಂದು ಸಾಲದು. ಮೊದಲನೆಯದು ಬುಡದ ಗೆರೆಯ ನಟ್ಟನಡುವೆ. ಎರಡನೆಯದು ಅದರ ಮೇಲೆ 57.7 ಸೆಂಟಿಮೀಟರಿಗೆ, ಒಳಗಿನ ವೃತ್ತಕ್ಕೆ ದಾರ ಇದಕ್ಕೆ ಕಟ್ಟಬೇಕು. ಮೂರನೆಯದು ಇನ್ನೂ ಸ್ವಲ್ಪ ಮೇಲೆ, ಹೊರಗಿನ ವೃತ್ತಕ್ಕೆ. ಎರಡು ವೃತ್ತಗಳ ಕೇಂದ್ರ ಬೇರೆ ಆದ್ದರಿಂದ ನೆತ್ತಿಯ ಕಮಾನುಗಲ್ಲುಗಳು ಉದ್ದ, ಭುಜದವು ಗಿಡ್ಡ. ಖಲೀಫರ ಕಾಲದ, ಅಂದರೆ 10ನೇ ಶತಮಾನದ ಕಮಾನುಗಳಲ್ಲಿ ಕಲ್ಲುಗಳ ಸಂದುಗೆರೆಗಳನ್ನು ಎಳೆಯೋದು ಮೊದಲನೇ ಮೊಳೆಯಿಂದ, ವೃತ್ತದ ಕೇಂದ್ರದಿಂದ ಅಲ್ಲ. ಫೋಟೋದಲ್ಲಿ ಸಂದುಗಳ ಮೇಲೆ ಸ್ಕೇಲ್ ಇಟ್ಟು ಎಳೆದರೆ ಎಲ್ಲ ಗೆರೆಗಳೂ ಬುಡದ ಗೆರೆಯ ಮೇಲೆ ಸೇರುತ್ತವೆ. ಹೊಸ ಕಾಲದ ನಕಲುಗಳಲ್ಲಿ ಅರ್ಧವೃತ್ತ ಬರೆದು ಕೆಳಗೆ ಎರಡು ಬಾಗಿದ ಕಾಲು ಅಂಟಿಸಿರುತ್ತಾರೆ. ಅಲ್ಲಿ ಸಂದುಗಳು ಬುಡದ ಗೆರೆಯ ಮೇಲೆ ಕೂಡಲ್ಲ.

ಕೆಳಗಿನ ಕೆಲವು ಕಲ್ಲುಗಳನ್ನು ಓರೆಯಾಗಿಡದೆ ಚಪ್ಪಟೆಯಾಗಿ, ಒಂದರ ಮೇಲೊಂದು ತುಸು ಒಳಗೆ ಚಾಚಿ ಇಡುತ್ತಾರೆ. ಅಲ್ಲಿವರೆಗೆ ಸೆಂಟ್ರಿಂಗ್ ಬೇಕಿಲ್ಲ. ಮೇಲಿನ ಭಾಗಕ್ಕೆ ಬೇಕಾದ ಮರದ ಅಚ್ಚನ್ನು ಆ ಚಾಚಿನ ಮೇಲೇ ಕೂರಿಸಬಹುದು, ನೆಲದಿಂದ ಗಳು ನಿಲ್ಲಿಸೋ ಖರ್ಚು ಉಳಿಯುತ್ತದೆ.

ಲಿಯೋನ್ ಹತ್ತಿರದ ಸಾನ್ ಮಿಗೆಲ್ ದೆ ಎಸ್ಕಲಾದಾ 913ರಲ್ಲಿ ಪ್ರತಿಷ್ಠೆಯಾದ ಚರ್ಚು. ಕೋರ್ದೊಬಾದಿಂದ ಬಂದ ಸನ್ಯಾಸಿಗಳ ಮಠ. ಅಲ್ಲಿನ ಕಮಾನುಗಳು ವಿಸಿಗಾಥ್ ಅಳತೆ ಬಿಟ್ಟು ಕೋರ್ದೊಬಾ ಕಡೆಗೆ ಮುಚ್ಚಿಕೊಂಡಿವೆ. ಇದನ್ನು ಪ್ರಭಾವ ಅನ್ನಿ, ಒಪ್ಪುತ್ತೇನೆ: ಯಾರು ತಂದರು, ಎಲ್ಲಿಂದ ತಂದರು, ಅಳತೆ ಎಷ್ಟು, ಮೂರಕ್ಕೂ ಉತ್ತರ ಇದೆ. ಆದರೆ ಇದು ರೋಮನೆಸ್ಕ್‌ಗಿಂತ ನೂರು ವರ್ಷ ಹಿಂದಿನ ಮಾತು.

ಅಂಕಣ:
ಬಹಳ ಉಪಯೋಗವಾಯಿತು ಸರ್. ಹಾಗಾದರೆ ಕೆಂಪು-ಬಿಳಿ ಪಟ್ಟೆ? ವೆಜಲೇಯ ನಡುಪಡಸಾಲೆ ನೋಡಿದರೆ ಕೋರ್ದೊಬಾ ನೆನಪಾಗದೆ ಇರಲ್ಲ.

ಬೋದಿಗೆ:
ನೆನಪಾಗೋದು ಬೇರೆ, ಅಲ್ಲಿಂದ ಬಂದಿದೆ ಅನ್ನೋದು ಬೇರೆ. ಕೋರ್ದೊಬಾದ ಹಳೆಯ ಭಾಗದಲ್ಲಿ ಪಟ್ಟೆ ಹುಟ್ಟಿದ್ದು ಸಾಮಗ್ರಿಯಿಂದ: ಒಂದು ಕಲ್ಲು, ಆಮೇಲೆ ಕೆಲವು ಸಾಲು ಇಟ್ಟಿಗೆ, ಮತ್ತೆ ಕಲ್ಲು. ಇಟ್ಟಿಗೆ-ಕಲ್ಲು ಬೆರೆಸಿ ಕಟ್ಟೋದು ಸ್ಪೇನಿನಲ್ಲಿ ರೋಮನ್ನರ ಕಾಲದಿಂದ ಇದೆ, ಮೆರಿದಾದ ನೀರಿನ ಮೇಲ್ಗಾಲುವೆ ಈಗಲೂ ನಿಂತಿದೆ. ಅದೇ ಮಸೀದಿಯಲ್ಲಿ ಅಲ್-ಮನ್ಸೂರ್ 987ರ ಹೊತ್ತಿಗೆ ಪೂರ್ವಕ್ಕೆ 8 ಪಡಸಾಲೆ ಸೇರಿಸಿದಾಗ ಇಟ್ಟಿಗೆಯ ತಾಪತ್ರಯ ಬೇಡವೆಂದು ಪೂರ್ತಿ ಕಲ್ಲಿನಲ್ಲೇ ಕಟ್ಟಿಸಿ ಮೇಲೆ ಕೆಂಪು ಬಳಿಸಿದ. ಬಣ್ಣ ಮಾಸಿದ ಕಡೆ ನೋಡಿದರೆ ಗೊತ್ತಾಗುತ್ತದೆ. ಅಂದರೆ ಅಲ್ಲೇ ಅದು ಕಟ್ಟುವ ವಿಧಾನದಿಂದ ಅಲಂಕಾರಕ್ಕೆ ಇಳಿದಿತ್ತು.

ವೆಜಲೇಯಲ್ಲಿ ಇಟ್ಟಿಗೆ ಇಲ್ಲ, ಎರಡು ಬಣ್ಣದ ಕಲ್ಲು. ಜತೆಗೆ 1840ರಿಂದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಅದನ್ನು ದುರಸ್ತಿ ಮಾಡಿದ್ದಾನೆ, ಚಾವಣಿಯ ಕೆಲವು ಅಂಕಣಗಳನ್ನು ಬಿಚ್ಚಿ ಮತ್ತೆ ಕಟ್ಟಿಸಿದ್ದಾನೆ. ಅಲ್ಲಿನ ಒಂದೊಂದು ಕಮಾನನ್ನೂ 12ನೇ ಶತಮಾನದ ಸಾಕ್ಷಿ ಅಂತ ಕಣ್ಣುಮುಚ್ಚಿ ಹಿಡಿಯೋ ಹಾಗಿಲ್ಲ.

ಪಟ್ಟೆ ಬಿಟ್ಟು ಬಾಗಿಲು ನೋಡಿ. ಫ್ರಾನ್ಸಿನ ಲ ಪ್ವೀ ಕ್ಯಾಥೆಡ್ರಲ್‌ನ 12ನೇ ಶತಮಾನದ ಮರದ ಬಾಗಿಲ ಅಂಚಿನಲ್ಲಿ ಕೂಫಿ ಲಿಪಿಯನ್ನು (ಅರಬ್ಬಿ ಬರಹದ ಹಳೆಯ, ಕೋನದ ಶೈಲಿ) ಅನುಕರಿಸಿ ಕೆತ್ತಿದ್ದಾರೆ. ಎರಡು ಬಣ್ಣದ ಕಲ್ಲು ಜೋಡಿಸೋದು ಯಾರಿಗೆ ಬೇಕಾದರೂ ಹೊಳೆಯಬಹುದು. ಕೂಫಿ ಅಕ್ಷರದ ತಿರುವು ಹಾಗೆ ತಾನಾಗಿ ಹೊಳೆಯಲ್ಲ, ಬಡಗಿಯ ಮುಂದೆ ಯಾವುದೋ ಬಟ್ಟೆಯೋ ಪೆಟ್ಟಿಗೆಯೋ ಇದ್ದಿರಲೇಬೇಕು.

ಎಂಟುಮೂಲೆ:
ರಿಬ್ ವಿಷಯಕ್ಕೆ ನಾನು ಬರುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟು ಜಗಳ ಆಡುತ್ತಾರೆ.

ಖಲೀಫ 2ನೇ ಅಲ್-ಹಕಮ್ 960ರ ದಶಕದಲ್ಲಿ ಕೋರ್ದೊಬಾ ಮಸೀದಿಯ ಮಿಹ್ರಾಬ್ (ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡು) ಮುಂದೆ ಕಟ್ಟಿಸಿದ ಗುಮ್ಮಟದಲ್ಲಿ 8 ರಿಬ್‌ಗಳು. ಎರಡು ಚೌಕಗಳನ್ನು 45 ಡಿಗ್ರಿ ತಿರುಗಿಸಿ ಒಂದರ ಮೇಲೊಂದು ಇಟ್ಟ ಹಾಗೆ ಹೆಣೆದುಕೊಂಡಿವೆ. ಒಂದೂ ನಡುಮಧ್ಯದ ಮೇಲೆ ಹಾಯಲ್ಲ. ನಡುವೆ ಎಂಟುಮೂಲೆಯ ತೆರಪು ಉಳಿದು, ಅದರ ಮೇಲೆ ಪುಟ್ಟ ಗುಮ್ಮಟ ಕೂರುತ್ತದೆ. ಟೊಲೆಡೊದ ಬಾಬ್ ಅಲ್-ಮರ್ದೂಮ್ ಮಸೀದಿಯಲ್ಲಿ (999, ಕಟ್ಟಿದವನು ಮೂಸಾ ಇಬ್ನ್ ಅಲಿ ಅಂತ ಇಟ್ಟಿಗೆಯ ಶಾಸನದಲ್ಲೇ ಇದೆ) ಸುಮಾರು 8 ಮೀಟರ್ ಚೌಕದ ಜಾಗಕ್ಕೆ 9 ಅಂಕಣ, ಒಂಬತ್ತಕ್ಕೂ ಬೇರೆ ಬೇರೆ ರಿಬ್ ಹೆಣಿಗೆ. ಗಿರಾಕಿಗೆ ತೋರಿಸಲು ಇಟ್ಟ ಮಾದರಿಗಳೇನೋ ಅನ್ನಿಸುತ್ತದೆ.

ಡರಮ್‌ನಲ್ಲಿ (ಆರಂಭ 1093) ರಿಬ್‌ಗಳು ಮೂಲೆಯಿಂದ ಮೂಲೆಗೆ ಹೋಗಿ ನಡುನೆತ್ತಿಯಲ್ಲೇ ಕತ್ತರಿ ಹಾಕುತ್ತವೆ. ಅಲ್ಲಿನ ತಲೆನೋವು ಬೇರೆ. ಕರ್ಣದ ಉದ್ದ ಹೆಚ್ಚು, ಆದ್ದರಿಂದ ಅರ್ಧವೃತ್ತದ ಕರ್ಣ ರಿಬ್ ಅಡ್ಡಗಮಾನಿಗಿಂತ ಎತ್ತರಕ್ಕೆ ಹೋಗಿ ಚಾವಣಿ ಉಬ್ಬುತಗ್ಗಾಗುತ್ತದೆ. 1133ರ ಹೊತ್ತಿಗೆ ಮುಗಿದ ನಡುಪಡಸಾಲೆಯಲ್ಲಿ ಅಡ್ಡಗಮಾನುಗಳಿಗೆ ಚೂಪು ತುದಿ ಕೊಟ್ಟು ಎತ್ತರ ಸರಿದೂಗಿಸಿದರು. ಕೋರ್ದೊಬಾದ ಹೆಣಿಗೆಯಲ್ಲಿ ಈ ಪ್ರಶ್ನೆಯೇ ಏಳಲ್ಲ. ಹಾಗಾಗಿ ಒಂದರಿಂದ ಇನ್ನೊಂದು ಬಂತು ಅನ್ನೋದಕ್ಕೆ ಆಕಾರದಲ್ಲಿ ಆಧಾರ ಇಲ್ಲ.

ನಿಜವಾದ ನಕಲು ಬೇಕೆಂದರೆ ನವಾರ್ರಾದ ತೊರೆಸ್ ದೆಲ್ ರಿಯೊ, ಸೋರಿಯಾ ಪ್ರಾಂತ್ಯದ ಅಲ್ಮಸಾನ್‌ನ ಸಾನ್ ಮಿಗೆಲ್. ಎರಡೂ 12ನೇ ಶತಮಾನದ ರೋಮನೆಸ್ಕ್ ಚರ್ಚುಗಳು, ಎರಡರಲ್ಲೂ ನಡುಮಧ್ಯ ಖಾಲಿ ಬಿಟ್ಟು ನಕ್ಷತ್ರ ಹೆಣೆದ ರಿಬ್‌ಗಳು. ಹೊರಗೆ ನೋಡಿದರೆ ಅಪ್ಪಟ ರೋಮನೆಸ್ಕ್, ಒಳಗೆ ಕತ್ತೆತ್ತಿದರೆ ಕೋರ್ದೊಬಾ.

ಗೋಲಗುಮ್ಮಟದ ಪಕ್ಕದವನು:
ಎರಡು ಚೌಕ ತಿರುಗಿಸಿ ಎಂಟುಮೂಲೆ ತೆಗೆಯೋದು ನಮ್ಮ ವಿಜಯಪುರದಲ್ಲೂ ಇದೆಯಲ್ಲ?

ಎಂಟುಮೂಲೆ:
ನಕ್ಷೆಯ ಮೇಲೆ ರೇಖೆ ಅದೇ. ಕೆಲಸ ಬೇರೆ. 1656ರ ಗೋಲಗುಮ್ಮಟದಲ್ಲಿ ಒಂದನ್ನೊಂದು ಹಾಯುವ ದೊಡ್ಡ ಕಮಾನುಗಳು ಗೋಡೆಯ ಚೌಕವನ್ನು ವೃತ್ತಕ್ಕೆ ತರುತ್ತವೆ, ಒಳಕ್ಕೆ ಚಾಚಿದ ಆ ಭಾರವೇ ಗುಮ್ಮಟದ ಹೊರನೂಕನ್ನು ತಡೆಯುತ್ತದೆ. ಜಾಮಿಯಾ ಮಸೀದಿಯಲ್ಲಿ ಅದೇ ಉಪಾಯ ಚಿಕ್ಕದಾಗಿದೆ. ಆ ಪರಂಪರೆ ಬಂದದ್ದು ಇರಾನ್-ಮಧ್ಯ ಏಷ್ಯಾ ಕಡೆಯಿಂದ. ಕೋರ್ದೊಬಾಕ್ಕೂ ಅದಕ್ಕೂ ದಾರಿ ಎಳೆಯಲು ಹೋಗಬೇಡಿ.

ಜಮಾಖರ್ಚು:
ಎಲ್ಲರೂ ಕಮಾನು ಅಳೆಯುತ್ತಿದ್ದೀರಿ, ಆ ಕಮಾನಿಗೆ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಅಲ್-ಆಂದಲುಸ್‌ನಿಂದ, ಅಂದರೆ ಮುಸ್ಲಿಂ ಆಳ್ವಿಕೆಯ ಸ್ಪೇನಿನಿಂದ, ರೋಮನೆಸ್ಕ್‌ಗೆ ದಾಟಿದ ಅತಿ ದೊಡ್ಡ ವಸ್ತು ಚಿನ್ನ.

1031ರಲ್ಲಿ ಕೋರ್ದೊಬಾ ಖಿಲಾಫತ್ ಒಡೆದು ಚಿಕ್ಕ ಚಿಕ್ಕ ತಾಯಿಫಾ ರಾಜ್ಯಗಳಾದವು. ಅವು ಉತ್ತರದ ಕ್ರೈಸ್ತ ದೊರೆಗಳಿಗೆ ವರ್ಷಾವರ್ಷ ಕಪ್ಪ ಕಟ್ಟುತ್ತಿದ್ದವು. ಲಿಯೋನ್-ಕಾಸ್ತೀಲಿನ 1ನೇ ಫರ್ನಾಂದೊ ಅದರಲ್ಲಿ ವರ್ಷಕ್ಕೆ 1000 ಚಿನ್ನದ ನಾಣ್ಯ ಬರ್ಗಂಡಿಯ ಕ್ಲೂನಿ ಮಠಕ್ಕೆ ಕೊಡುತ್ತಿದ್ದ. ಮಗ 6ನೇ ಅಲ್ಫೋನ್ಸೊ 1077ರಲ್ಲಿ ಅದನ್ನು 2000ಕ್ಕೆ ಏರಿಸಿದ. ಕ್ಲೂನಿಯ ಮೂರನೇ ಚರ್ಚಿನ ಕೆಲಸ ಶುರುವಾದದ್ದು 1088ರಲ್ಲಿ: 187 ಮೀಟರ್ ಉದ್ದ, ನೆಲದಿಂದ ಚಾವಣಿಗೆ ಸುಮಾರು 30 ಮೀಟರ್. ಆದರೆ 1086ರಲ್ಲೇ ಉತ್ತರ ಆಫ್ರಿಕಾದ ಮುಸ್ಲಿಂ ಅರಸು ಮನೆತನ ಅಲ್ಮೊರಾವಿದರು ಸಮುದ್ರ ದಾಟಿ ಬಂದು ಅಲ್ಫೋನ್ಸೊನನ್ನು ಸೋಲಿಸಿದ್ದರು. ಮುಂದೆ ತಾಯಿಫಾಗಳು ಒಂದೊಂದಾಗಿ ಅವರ ಕೈಗೆ ಹೋದಂತೆ ಕಪ್ಪ ಬತ್ತಿತು. ಅಂದರೆ ಖರ್ಚು ಏರುವ ಹೊತ್ತಿಗೆ ಆದಾಯ ಇಳಿಯುತ್ತಿತ್ತು. 1125ರಲ್ಲಿ ನಡುಪಡಸಾಲೆಯ ಚಾವಣಿಯ ಒಂದು ಭಾಗ ಕುಸಿಯಿತು, ಪ್ರತಿಷ್ಠೆ ನಡೆದದ್ದು 1130ರಲ್ಲಿ.

ಅಂಕಣ:
ದುಡ್ಡು ಬಂದ ಮಾತ್ರಕ್ಕೆ ಕಲೆ ಬಂದಂತಾಗುತ್ತದೆಯೇ? ಕ್ಲೂನಿಯಲ್ಲಿ ಚೂಪುಗಮಾನು ಇದ್ದವಲ್ಲ, ಅದು ಇಸ್ಲಾಮಿಕ್ ಅಲ್ಲವೇ?

ಸುಣ್ಣಗಾರೆ:
ಚೂಪುಗಮಾನು ಇಸ್ಲಾಮಿಕ್ ಜಗತ್ತಿನಲ್ಲಿ ಮೊದಲೇ ಇತ್ತು, ನಿಜ. ಕ್ಲೂನಿಗೆ ಅದು ಬಂದ ದಾರಿ ಇಟಲಿಯ ಮೊಂತೆ ಕಸ್ಸಿನೊ ಅಂತ ಒಂದು ವಾದ ಇದೆ. ಅಲ್ಲಿನ ಚರ್ಚು 1071ರಲ್ಲಿ ಪ್ರತಿಷ್ಠೆಯಾಯಿತು, ಕ್ಲೂನಿಯ ಮಠಾಧಿಪತಿ ಹ್ಯೂ 1083ರಲ್ಲಿ ಅಲ್ಲಿಗೆ ಹೋಗಿದ್ದ. ಈ ವಾದ ಸರಿಯಾದರೆ ಕೋರ್ದೊಬಾಕ್ಕೆ ಇದರಲ್ಲಿ ಪಾಲಿಲ್ಲ.

ಚೂಪು ಯಾಕೆ ಬೇಕಾಯಿತು ಅನ್ನೋದು ಗಾರೆ ಕೆಲಸದ ಪ್ರಶ್ನೆ. ಕಲ್ಲಿನ ಚಾವಣಿ ಗೋಡೆಯನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ಅಗಲ ಅಷ್ಟೇ ಇಟ್ಟು ಎತ್ತರ ಹೆಚ್ಚಿಸಿದರೆ ನೂಕು ಕಡಿಮೆ, ಚೂಪುತುದಿ ಮಾಡೋದು ಅದನ್ನೇ. ಅರ್ಧವೃತ್ತಕ್ಕೇ ಅಂಟಿಕೊಂಡರೆ ಆಗೋದು ವೆಜಲೇ ಪಾಡು. ಅಲ್ಲಿ ಕಿಟಕಿಗೆ ಜಾಗ ಬೇಕೆಂದು ಅರ್ಧವೃತ್ತದ ಕಮಾನುಗಳ ಮೇಲೆ ಚಾವಣಿ ಎತ್ತರಕ್ಕೆ ಒಯ್ದರು, ಅದಕ್ಕೆ ತಕ್ಕ ಆನಿಕೆ ಗೋಡೆ ಕೊಡಲಿಲ್ಲ. ಹೊರಗೋಡೆಗಳು ವಾಲಿದವು. ಒಳಗೆ ಕಬ್ಬಿಣದ ಸಲಾಕೆ ಬಿಗಿದಿದ್ದರೂ ಕಬ್ಬಿಣ ತುಕ್ಕು ಹಿಡಿದರೆ ಬಿಗಿತವೂ ಹೋಯಿತು, ಹಿಗ್ಗಿ ಕಲ್ಲನ್ನೂ ಸೀಳುತ್ತದೆ. ಪಡಸಾಲೆಯ ತುದಿಯಲ್ಲಿ ನಿಂತು ಗೋಡೆಯ ಅಂಚನ್ನೇ ನೋಡಿದರೆ ಮೇಲ್ಗಡೆ ಹೊರಕ್ಕೆ ತೆರೆದುಕೊಂಡಿದ್ದು ಬರಿಗಣ್ಣಿಗೇ ಕಾಣುತ್ತದೆ.

ನೇಯ್ಗೆ:
ದುಡ್ಡು ಬಂದರೆ ಕಲೆ ಬಂದಂತೆಯೇ ಅಂತ ಕೇಳಿದಿರಿ. ದುಡ್ಡಿನ ಜತೆ ವಸ್ತುಗಳೂ ಬಂದವು. ನನಗೆ ಗಟ್ಟಿ ಸಾಕ್ಷಿ ಸಿಗೋದು ಕಟ್ಟಡದಲ್ಲಲ್ಲ, ಕೈಯಲ್ಲಿ ಹೊತ್ತು ಸಾಗಿಸಬಹುದಾದ ಸಾಮಾನಿನಲ್ಲಿ.

ಬುರ್ಗೋಸ್ ಮ್ಯೂಸಿಯಂನ ಸಿಲೋಸ್ ದಂತದ ಪೆಟ್ಟಿಗೆ ನೋಡಿ. 1026ರಲ್ಲಿ ಕುಯೆಂಕಾದಲ್ಲಿ ಮುಹಮ್ಮದ್ ಇಬ್ನ್ ಜಯ್ಯಾನ್ ಕೆತ್ತಿದ್ದು, ಹೆಸರು-ವರ್ಷ ಅದರ ಮೇಲೇ ಇದೆ. ಮುಂದೆ ಸಿಲೋಸ್‌ನ ಸಾಂತೊ ದೊಮಿಂಗೊ ಮಠದಲ್ಲಿ ಕೆಲವು ಕಡೆ ದಂತದ ಜಾಗಕ್ಕೆ 12ನೇ ಶತಮಾನದ ಎನಾಮೆಲ್ ತಾಮ್ರದ ಫಲಕ ಹೊಡೆದರು, ಒಂದರಲ್ಲಿ ಮಠದ ಸಂತ ಇಬ್ಬರು ದೇವದೂತರ ನಡುವೆ ನಿಂತಿದ್ದಾನೆ. ಬೇಟೆಯ ದೃಶ್ಯದ ಪಕ್ಕದಲ್ಲೇ ಸಂತ, ಅರಬ್ಬಿ ಶಾಸನ ಹಾಗೇ ಇದೆ. ಯಾರೂ ಅದನ್ನು ಕೆರೆದು ತೆಗೆಯಲಿಲ್ಲ.

ಪೀಸಾದಲ್ಲಿ ಇನ್ನೂ ಬಹಿರಂಗ. 1063ರಲ್ಲಿ ಪಲೆರ್ಮೊ ಬಂದರಿನ ಮೇಲೆ ನುಗ್ಗಿ ತಂದ ಕೊಳ್ಳೆಯಿಂದ ಕ್ಯಾಥೆಡ್ರಲ್ ಶುರು ಮಾಡಿದರು, ಮುಂಭಾಗದ ಶಾಸನದಲ್ಲೇ ಹೇಳಿಕೊಂಡಿದ್ದಾರೆ. ಮಾಡಿನ ಮೇಲೆ ಕೂಫಿ ಶಾಸನದ ಕಂಚಿನ ಗ್ರಿಫಿನ್ (ಹದ್ದಿನ ತಲೆ, ಸಿಂಹದ ಮೈಯ ಕಾಲ್ಪನಿಕ ಪ್ರಾಣಿ), ಮೀಟರಿಗಿಂತ ಎತ್ತರದ್ದು, 1828ರವರೆಗೂ ಕೂತಿತ್ತು. ಊರಿನ ಇತರ ಚರ್ಚುಗಳ ಹೊರಗೋಡೆಯಲ್ಲಿ ಟ್ಯುನೀಷಿಯಾ, ಸ್ಪೇನ್, ಸಿಸಿಲಿಯ ಮೆರುಗಿನ ಮಣ್ಣಿನ ಬೋಗುಣಿಗಳನ್ನು ಗಾರೆಯಲ್ಲಿ ಕೂರಿಸಿದ್ದಾರೆ. ಮೆರುಗು ಮಳೆ ತಡೆಯುತ್ತದೆ. ಬೋಗುಣಿಯ ಬೆನ್ನಿಗೆ ಗೋಡೆಯಿಂದ ನೀರು, ಉಪ್ಪು ಸೇರಿದರೆ ಮಾತ್ರ ಮೆರುಗು ಚಕ್ಕೆಯೆದ್ದು ಉದುರುತ್ತದೆ. ಅದಕ್ಕೇ ಅಸಲನ್ನು ಸಾನ್ ಮತ್ತೇಒ ಮ್ಯೂಸಿಯಂಗೆ ಸಾಗಿಸಿ ಗೋಡೆಯಲ್ಲಿ ನಕಲು ಇಟ್ಟಿದ್ದಾರೆ. ಗೋಡೆ ಏಳುವಾಗಲೇ ಕೂರಿಸಿದ್ದರಿಂದ ಚರ್ಚಿನ ವರ್ಷ ಗೊತ್ತಿದ್ದರೆ ಬೋಗುಣಿಯ ಕಾಲವೂ ಸಿಗುತ್ತದೆ.

ಮರಗೆಲಸ:
ಕೆಲಸಗಾರರೇ ಬಂದ ಉದಾಹರಣೆ ಬೇಕಿದ್ದರೆ ಸಿಸಿಲಿಗೆ ಹೋಗಬೇಕು. ಪಲೆರ್ಮೊ ಅರಮನೆಯ ಪಲತೀನಾ ಪ್ರಾರ್ಥನಾ ಮಂದಿರ, ನಾರ್ಮನ್ ದೊರೆ 2ನೇ ರೋಜರ್ ಕಟ್ಟಿಸಿದ್ದು. ಗುಮ್ಮಟದ ಗ್ರೀಕ್ ಶಾಸನ 1143ರದ್ದು. ನಡುಪಡಸಾಲೆಯ ಮೇಲೆ ಮರದ ಮುಕರ್ನಸ್ ಚಾವಣಿ. ಅದು ಭಾರ ಹೊರೋ ಚಾವಣಿ ಅಲ್ಲ. ತೆಳು ಹಲಗೆಗಳ ಗೂಡುಗಳನ್ನು ಒಂದಕ್ಕೊಂದು ಹೊಂದಿಸಿ ಮಾಡಿನ ತೊಲೆಗಳಿಂದ ಕೆಳಕ್ಕೆ ತೂಗು ಹಾಕಿದ್ದಾರೆ. ಒಳಗೆ ವಾದ್ಯಗಾರರು, ಪಾನಗೋಷ್ಠಿ, ಕೂಫಿ ಬರಹದ ಪಟ್ಟಿ. ಮಾಡು ಸೋರಿದರೆ ಅಥವಾ ತೊಲೆ ಜಗ್ಗಿದರೆ ಮೊದಲು ಸಂದು ಬಿಡೋದು ಈ ಗೂಡುಗಳೇ.

ಆದರೆ ಇದನ್ನು ರೋಮನೆಸ್ಕ್ ಅನುಕರಣೆ ಅನ್ನಬಾರದು. ಇಸ್ಲಾಮಿಕ್ ಪದ್ಧತಿಯ ಕುಶಲಕರ್ಮಿಗಳಿಗೇ ಕೊಟ್ಟ ಗುತ್ತಿಗೆ, ಅದೇ ಕೋಣೆಯಲ್ಲಿ ಗ್ರೀಕ್ ಮೊಸಾಯಿಕ್‌ನವರು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡಿದ್ದಾರೆ. ಅಂದ ಹಾಗೆ ಪಲೆರ್ಮೊದ ಸಾನ್ ಜೊವಾನ್ನಿ ದೆಲಿ ಎರೆಮಿತಿಯ ಕೆಂಪು ಗುಮ್ಮಟಗಳನ್ನು ‘ಅರಬ್ ಬಣ್ಣ’ ಅಂತ ಹಂಚಿಕೊಳ್ಳೋದು ದಯವಿಟ್ಟು ನಿಲ್ಲಿಸಿ. ಆ ಕೆಂಪು 19ನೇ ಶತಮಾನದ ದುರಸ್ತಿಯದ್ದು.

ಅಂಕಣ:
ಕಟ್ಟಡ, ವಸ್ತು, ಚಿತ್ರ ಎಲ್ಲ ಒಟ್ಟಿಗೆ ಸಿಗೋ ಒಂದೇ ಜಾಗ ಇದ್ದರೆ ಹೇಳಿ.

ನೇಯ್ಗೆ:
ಸೋರಿಯಾ ಪ್ರಾಂತ್ಯದ ಸಾನ್ ಬಾವುದೆಲಿಯೊ ದೆ ಬೆರ್ಲಾಂಗಾ. ಹೊರಗೆ ಒಂದು ಬೋಳು ಕಲ್ಲಿನ ಡಬ್ಬಿ. ಒಳಗೆ ನಟ್ಟನಡುವೆ ಒಂದೇ ದಪ್ಪ ಕಂಬ, ಅದರ ತಲೆಯಿಂದ ತಾಳೆಮರದ ಗರಿಗಳ ಹಾಗೆ 8 ಲಾಳಾಕಾರದ ರಿಬ್‌ಗಳು ಗೋಡೆಗೆ ಹರಡುತ್ತವೆ. ಕಂಬದ ತಲೆಯಲ್ಲಿ ಕಣ್ಣಿಗೆ ಬೀಳದ ಪುಟ್ಟ ಗೂಡಿದೆ, ಅದರ ಒಳಚಾವಣಿ ಮತ್ತೆ ಕೋರ್ದೊಬಾ ಹೆಣಿಗೆ. ಪಶ್ಚಿಮಕ್ಕೆ ಗಿಡ್ಡ ಕಂಬ, ಲಾಳದ ಕಮಾನುಗಳ ಸಾಲಿನ ಮೇಲೆ ಅಟ್ಟ. ಕಟ್ಟಡ 11ನೇ ಶತಮಾನದ್ದು. ಗೋಡೆ ತುಂಬ ಬಿಡಿಸಿದ್ದು 12ನೇ ಶತಮಾನದ ರೋಮನೆಸ್ಕ್ ಚಿತ್ರಕಾರರು: ಮೇಲೆ ಕ್ರಿಸ್ತನ ಕಥೆ, ಕೆಳಗೆ ಒಂಟೆ, ಬೆನ್ನ ಮೇಲೆ ಕೋಟೆ ಹೊತ್ತ ಆನೆ, ಮೊಲದ ಬೇಟೆ, ರೇಷ್ಮೆ ಬಟ್ಟೆಯಿಂದ ಎತ್ತಿದಂಥ ವೃತ್ತಗಳೊಳಗಿನ ಹದ್ದುಗಳು.

ಆದರೆ ಚಿತ್ರಗಳು ಬಹುಪಾಲು ಅಲ್ಲಿಲ್ಲ. 1917ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ್ದರೂ ಮಾಲೀಕರು 1922ರಲ್ಲಿ ಮಾರಿದರು. ಮೊಕದ್ದಮೆ ನಡೆದು, ಕೋರ್ಟು ಮಾಲೀಕರ ಪರ ತೀರ್ಪು ಕೊಟ್ಟು, 1926ರಲ್ಲಿ ಕಿತ್ತು ಅಮೆರಿಕಕ್ಕೆ ಸಾಗಿಸಿದರು.

ಸುಣ್ಣಗಾರೆ:
ಕೀಳುವ ವಿಧಾನಕ್ಕೆ ಸ್ಟ್ರಾಪ್ಪೊ ಅಂತಾರೆ. ಚಿತ್ರದ ಮೇಲೆ ಬಿಸಿ ಪ್ರಾಣಿಜನ್ಯ ಅಂಟು ಬಳಿದು ಬಟ್ಟೆ ಹಚ್ಚುತ್ತಾರೆ. ಅಂಟು ಒಣಗುತ್ತಾ ಕುಗ್ಗಿ ಬಣ್ಣದ ಪದರವನ್ನು ಗಾರೆಯಿಂದ ಎಬ್ಬಿಸುತ್ತದೆ. ಬಟ್ಟೆಯನ್ನು ಅಂಚಿನಿಂದ ಎಳೆದು ಸುರುಳಿ ಸುತ್ತುತ್ತಾರೆ. ಆಮೇಲೆ ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಮುಂದಿನ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸುತ್ತಾರೆ. ಬಣ್ಣದ ತೆಳು ಪೊರೆ ಮಾತ್ರ ಬರೋದು, ಸುಣ್ಣದೊಳಗೆ ಇಳಿದದ್ದು ಗೋಡೆಯಲ್ಲೇ ಉಳಿಯುತ್ತದೆ. ಒಣ ಗೋಡೆಯ ಮೇಲೆ ಕೊನೆಗೆ ಬಿಡಿಸಿದ ಕಣ್ಣು, ಮಡಿಕೆಗೆರೆಗಳಂಥ ವಿವರಗಳಿಗೇ ಇದರಲ್ಲಿ ಹೆಚ್ಚು ಪೆಟ್ಟು. ಹಾಗಾಗಿ ಮ್ಯೂಸಿಯಂನ ತುಣುಕು, ಗೋಡೆಯ ಮಾಸಲು ಎರಡನ್ನೂ ಜೋಡಿಸಿ ನೋಡದೆ ಬಣ್ಣದ ಬಗ್ಗೆ ತೀರ್ಮಾನ ಹೇಳಬೇಡಿ.

ಬೋದಿಗೆ:
ತುಣುಕು ಎಲ್ಲೆಲ್ಲಿ ಅಂದರೆ: ಒಂಟೆ ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಮ್ಯೂಸಿಯಂನಲ್ಲಿ, ಉಳಿದವು ಬಾಸ್ಟನ್, ಸಿನ್ಸಿನಾಟಿ, ಇಂಡಿಯಾನಾಪೊಲಿಸ್‌ಗಳಲ್ಲಿ ಹಂಚಿಹೋಗಿವೆ. ಆನೆ, ಕರಡಿ, ಬೇಟೆ ಸೇರಿ 6 ತುಣುಕು ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂನಲ್ಲಿವೆ, 1957ರಲ್ಲಿ ಅಮೆರಿಕದಿಂದ ವಾಪಸು ಬಂದವು. ಬದಲಿಗೆ ಸ್ಪೇನ್ ಕೊಟ್ಟದ್ದು ಫ್ವೆಂತಿದುಯೆನ್ಯಾ ಚರ್ಚಿನ ಇಡೀ ಗರ್ಭಗುಡಿ ಭಾಗ, ಸುಮಾರು 3300 ಕಲ್ಲು, ಒಂದೊಂದಾಗಿ ಬಿಚ್ಚಿ ಸಾಗಿಸಿ ಕ್ಲಾಯ್ಸ್ಟರ್ಸ್‌ನಲ್ಲಿ ಮತ್ತೆ ಕಟ್ಟಿ 1961ರಲ್ಲಿ ತೆರೆದರು. ಒಂದು ಗಾಯಕ್ಕೆ ಇನ್ನೊಂದು ಗಾಯದಿಂದ ಪರಿಹಾರ, ನನಗೇನೂ ಒಳ್ಳೆಯ ವ್ಯಾಪಾರ ಅನ್ನಿಸಲ್ಲ.

ಎಂಟುಮೂಲೆ:
ಅಂಕಣ ಅವರೇ, ನಿಮ್ಮ ಪಟ್ಟಿಯಲ್ಲಿ ತೊರೆಸ್ ದೆಲ್ ರಿಯೊ, ಅಲ್ಮಸಾನ್, ಬಾವುದೆಲಿಯೊ, ಲ ಪ್ವೀ ಬಾಗಿಲು ಇರಲಿ. ಎಸ್ಕಲಾದಾವನ್ನು ‘ರೋಮನೆಸ್ಕ್‌ಗೆ ಮುಂಚೆ’ ಅಂತ ಬೇರೆ ಬರೆದುಕೊಳ್ಳಿ.

ಅಂಕಣ:
ಡರಮ್ ಪೂರ್ತಿ ಹೊರಗೇನಾ?

ಎಂಟುಮೂಲೆ:
ಹೊರಗೇ. ನಡುನೆತ್ತಿಯಲ್ಲಿ ಕತ್ತರಿ ಹಾಕದ ಒಂದು ರಿಬ್ ಅಲ್ಲಿ ತೋರಿಸಿ, ಆಮೇಲೆ ಮಾತಾಡೋಣ.